ಹೊಸ ಲಾಟು, ಹಳೆಯ ತೂಕ: ಶಿರಸಿಯ ಅಡಿಕೆ ವಖಾರಿಯಲ್ಲಿ ಕಂಡ ದುರ್ಬಲ ಮೆಮೊರಿ ಮಾದರಿಯ ಒಂದು ಪ್ರಕರಣ

ಹಿನ್ನೆಲೆ

ಶಿರಸಿ ಪೇಟೆಯ ಅಡಿಕೆ ವಖಾರಿಯೊಂದರ ತೂಕದ ಕಟ್ಟೆಯಲ್ಲಿ ಕಳೆದ ಹಂಗಾಮಿನಲ್ಲಿ ನಡೆದ ಘಟನೆಯೊಂದನ್ನು ಇಲ್ಲಿ ಪೂರ್ತಿಯಾಗಿ ದಾಖಲಿಸುತ್ತಿದ್ದೇನೆ. ಅಲ್ಲಿ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದವನು ನಾನೇ. ಆದ್ದರಿಂದ ತಪ್ಪು ತೂಕದ ಯಂತ್ರದ್ದಲ್ಲ, ಪ್ರೊಸೆಸರಿನದ್ದಲ್ಲ, ವಖಾರಿಯವರದ್ದಂತೂ ಅಲ್ಲವೇ ಅಲ್ಲ, ನನ್ನದು ಎಂಬುದನ್ನು ಮೊದಲೇ ಹೇಳುತ್ತೇನೆ. ಪ್ರೊಸೆಸರಿನ ಒಂದು ಕೋರ್ (ಸ್ವತಂತ್ರವಾಗಿ ಕೆಲಸ ಮಾಡುವ ಘಟಕ) ಬರೆದದ್ದು ಬರೆದ ಕ್ರಮದಲ್ಲೇ ಉಳಿದ ಕೋರ್‌ಗಳಿಗೆ ಕಾಣುತ್ತದೆಂಬ ಭರವಸೆ ಕೊಡದ ನಿಯಮಗಳಿಗೆ ದುರ್ಬಲ ಮೆಮೊರಿ ಮಾದರಿ ಎನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಥ್ರೆಡ್‌ಗಳು, ಎಂದರೆ ಒಟ್ಟಿಗೇ ನಡೆಯುವ ಕೆಲಸದ ಎಳೆಗಳು, ಇರುವ ಪ್ರೋಗ್ರಾಂ ಬರೆಯುವವರೆಲ್ಲರಿಗೂ ಇದು ಸಂಬಂಧಿಸಿದ ವಿಷಯವಾದ್ದರಿಂದ ಸಣ್ಣ ವಿವರಗಳನ್ನೂ ಬಿಡದೆ ಬರೆದಿದ್ದೇನೆ.

ವಖಾರಿಯ ಕ್ರಮ ಈ ಭಾಗದವರಿಗೆಲ್ಲ ಪರಿಚಿತ. ಬೆಳೆಗಾರರು ಚಾಲಿ ಅಡಿಕೆಯನ್ನೋ ರಾಶಿ ಅಡಿಕೆಯನ್ನೋ ಚೀಲ ಕಟ್ಟಿ ತರುತ್ತಾರೆ, ಹಮಾಲರು ಚೀಲಗಳನ್ನು ತೂಕದ ಯಂತ್ರದ ಹಲಗೆಯ ಮೇಲಿಡುತ್ತಾರೆ, ಗುಮಾಸ್ತರು ಲಾಟ್ ನಂಬರನ್ನೂ ಚೀಲಗಳ ಸಂಖ್ಯೆಯನ್ನೂ ಒತ್ತಿ, ಅಂಕಿ ಅಲುಗಾಡದೆ ನಿಂತ ಮೇಲೆ ಹಸಿರು ಗುಂಡಿ ಅದುಮುತ್ತಾರೆ. ಪಕ್ಕದ ಪ್ರಿಂಟರಿನಿಂದ ಚೀಟಿ ಹೊರಬರುತ್ತದೆ. ಲಾಟ್ ನಂಬರ್, ಚೀಲ, ತೂಕ, ಹೊತ್ತು, ಇಷ್ಟೇ ಅದರಲ್ಲಿರುವುದು. ಆದರೆ ಟೆಂಡರಿನಲ್ಲಿ ದರ ನಿಂತ ಮೇಲೆ ಬೆಳೆಗಾರರ ಕೈಗೆ ಬರುವ ಪಟ್ಟಿಯ ಮೊತ್ತ ಆ ಚೀಟಿಯ ಮೇಲೆಯೇ ನಿಂತಿರುತ್ತದೆ. ಕೊನೆಕೊಯ್ಲಿನಿಂದ ಹಿಡಿದು ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗಿಸಿ ಸುಲಿಯುವವರೆಗಿನ ಮನೆಮಂದಿಯ ದುಡಿಮೆಗೆ ಕಡೆಯಲ್ಲಿ ಸಿಗುವ ಲೆಕ್ಕ ಅದೊಂದೇ.

ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಅದರಲ್ಲಿ ಎರಡು ಥ್ರೆಡ್‌ಗಳು. ಮೊದಲನೆಯದು ಸೀರಿಯಲ್ ಪೋರ್ಟಿನಿಂದ ತೂಕವನ್ನೂ ಕೀಲಿಮಣೆಯಿಂದ ಲಾಟ್ ನಂಬರನ್ನೂ ಪಡೆದು, ಎರಡೂ ಥ್ರೆಡ್‌ಗಳು ಹಂಚಿಕೊಂಡ ಒಂದು ದಾಖಲೆಯಲ್ಲಿ ತುಂಬಿ, ಕೊನೆಯಲ್ಲಿ ‘ಸಿದ್ಧ’ ಎಂಬ ಬಾವುಟದ ಬೆಲೆಯನ್ನು 1 ಮಾಡುತ್ತದೆ. ಎರಡನೆಯದು ಆ ಬಾವುಟವನ್ನೇ ಎಡೆಬಿಡದೆ ನೋಡುತ್ತಿದ್ದು, ಅದು 1 ಆದ ಕೂಡಲೇ ದಾಖಲೆಯನ್ನು ಓದಿ ಚೀಟಿ ಮುದ್ರಿಸಿ, ಬಾವುಟವನ್ನು ಮತ್ತೆ 0 ಮಾಡುತ್ತದೆ. ದಾಖಲೆಯ ಎಲ್ಲ ಅಂಶಗಳಿಗೂ ವೊಲಟೈಲ್ ಎಂದು ಬರೆದಿದ್ದೆ. ಅಷ್ಟು ಬರೆದರೆ ಥ್ರೆಡ್‌ಗಳ ನಡುವಿನ ವ್ಯವಹಾರಕ್ಕೆ ಸಾಕೆಂದು ಆಗ ನಂಬಿದ್ದೆ.

ಇಂಟೆಲ್ ಪ್ರೊಸೆಸರಿನ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಈ ಪ್ರೋಗ್ರಾಂ ಏಳು ವರ್ಷ ಒಂದೂ ತಪ್ಪಿಲ್ಲದೆ ಓಡಿತು. ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರದ ಊರು ನಮ್ಮದು. ಡೆಸ್ಕ್‌ಟಾಪಿಗೆ ಯುಪಿಎಸ್ ಸಾಲುತ್ತಿರಲಿಲ್ಲ. ಹಾಗಾಗಿ ಹೋದ ವರ್ಷ ಅದನ್ನು ತೆಗೆದು, ಬ್ಯಾಟರಿಯ ಮೇಲೆ ಇಡೀ ದಿನ ನಡೆಯುವ, ನಾಲ್ಕು ಕಾರ್ಟೆಕ್ಸ್-ಎ72 ಕೋರ್‌ಗಳಿರುವ ಆರ್ಮ್ ಎಂಬ ಬೇರೆ ಬಗೆಯ ಪ್ರೊಸೆಸರಿನ ಸಣ್ಣ ಬೋರ್ಡನ್ನು ಕೂರಿಸಿದೆವು. ಅದೇ ಹೊತ್ತಿಗೆ ಯಜಮಾನರು ಪ್ರತಿ ಲಾಟಿಗೂ ಒಂದು ‘ಷರಾ’ ಬರೆಯುವ ಜಾಗ ಬೇಕೆಂದರು. ತೂಕ ಮತ್ತು ಚೀಲಗಳ ಸಂಖ್ಯೆಯ ನಂತರ, ಲಾಟ್ ನಂಬರಿಗಿಂತ ಮೊದಲು, 64 ಬೈಟುಗಳ ಷರಾ ಸೇರಿಸಿದೆ. ಪ್ರೋಗ್ರಾಂ ಹೊಸ ಬೋರ್ಡಿನ ಮೇಲೆ ಮೊದಲ ಯತ್ನದಲ್ಲೇ ಕಂಪೈಲ್ ಆಗಿ (ಯಂತ್ರದ ಆದೇಶಗಳಾಗಿ ಬದಲಾಗಿ) ಓಡಿತು. ನಾನು ಊರಿಗೆ ಮರಳಿದೆ.

ಘಟನೆ

ಚಾಲಿ ಜೋರಾಗಿ ಬರುತ್ತಿದ್ದ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಸಾಲ್ಕಣಿ ಕಡೆಯ ಹಿರಿಯ ಬೆಳೆಗಾರರೊಬ್ಬರು ಚೀಟಿ ಹಿಡಿದು ಗುಮಾಸ್ತರ ಬಳಿ ವಾಪಸು ಬಂದರು. ಅದರಲ್ಲಿ ಅವರದೇ ಲಾಟ್ ನಂಬರ್ ಇತ್ತು, ಹೊತ್ತೂ ಸರಿಯಿತ್ತು. ಆದರೆ ಮೂರು ಚೀಲ, 187.400 ಕಿಲೋ ಎಂದು ಮುದ್ರಣವಾಗಿತ್ತು. “ತಮಾ, ಆನು ತಂದದ್ದು ಒಂದೇ ಚೀಲ. ಈ ಚೀಟಿ ಯಂದಲ್ಲ” ಎಂದರಂತೆ. ಸುಮ್ಮನಿದ್ದಿದ್ದರೆ ಅವರಿಗೆ ಎರಡು ಚೀಲ ಅಡಿಕೆಯ ಹಣ ಹೆಚ್ಚು ಬರುತ್ತಿತ್ತು. ಅವರು ಹಿಂದಿರುಗಿ ಬಂದದ್ದರಿಂದಲೇ ಈ ದೋಷ ಬೆಳಕಿಗೆ ಬಂತು ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಚೀಲ ಮತ್ತೆ ತೂಗಿದಾಗ 62.150 ಬಂತು. 187.400 ಅವರಿಗಿಂತ ಮುಂಚೆ ತೂಗಿಸಿದವರ ತೂಕವಾಗಿತ್ತು.

ಫೋನು ಬಂದಾಗ ನಾನು ಮೊದಲು ಅನುಮಾನಿಸಿದ್ದು ಸೀರಿಯಲ್ ಕೇಬಲನ್ನು. ಕೇಬಲ್ ಬದಲಾಯಿಸಿದೆವು. ತೂಕದ ಯಂತ್ರವನ್ನು ಕಲ್ಲುಗಳಿಟ್ಟು ಪರೀಕ್ಷಿಸಿದೆವು, ಸರಿಯಾಗಿತ್ತು. ಎರಡು ದಿನ ಬಿಟ್ಟು ಮತ್ತೊಂದು ಚೀಟಿ ಹಾಗೆಯೇ ಬಂತು. ಆಗ ಮಾಮೂಲಿನಂತೆ ಪ್ರೋಗ್ರಾಮಿನೊಳಗೆ, ದಾಖಲೆ ತುಂಬುವುದಕ್ಕೂ ಬಾವುಟ ಎತ್ತುವುದಕ್ಕೂ ನಡುವೆ, ಬೆಲೆಗಳನ್ನು ಪರದೆಗೆ ಮುದ್ರಿಸುವ ಒಂದು ಸಾಲು ಸೇರಿಸಿದೆ. ದೋಷ ಸಂಪೂರ್ಣವಾಗಿ ನಿಂತುಹೋಯಿತು. ಆ ಸಾಲನ್ನು ತೆಗೆದ ಮೇಲೆ ಮತ್ತೆ ಕಾಣಿಸಿಕೊಂಡಿತು. ನೋಡಲು ಹೋದರೆ ಮರೆಯಾಗುವ ಇಂಥ ದೋಷವೆಂದರೆ ಹೆಚ್ಚಾಗಿ ಎರಡು ಥ್ರೆಡ್‌ಗಳ ನಡುವಿನ ಹೊತ್ತಿನ ಆಟ. ಆದರೆ ಕೋಡನ್ನು ಎಷ್ಟು ಸಲ ಓದಿದರೂ ತೂಕ ಬರೆದ ಮೇಲೆಯೇ ಬಾವುಟ, ಬಾವುಟ ನೋಡಿದ ಮೇಲೆಯೇ ಓದು. ಎಲ್ಲಿಯೂ ಹಿಂದುಮುಂದು ಇರಲಿಲ್ಲ.

ಸುಳಿವು ಸಿಕ್ಕಿದ್ದು ಚೀಟಿಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ. ತಪ್ಪಾದ ಪ್ರತಿಯೊಂದು ಚೀಟಿಯಲ್ಲೂ ತೂಕ ಮತ್ತು ಚೀಲಗಳ ಸಂಖ್ಯೆ, ಇವೆರಡೂ ಒಟ್ಟಿಗೇ ಹಳೆಯವಾಗಿದ್ದವು. ಲಾಟ್ ನಂಬರ್ ಮಾತ್ರ ಯಾವಾಗಲೂ ಹೊಸದು. ತೂಕ ಹೊಸದಾಗಿ ಚೀಲ ಹಳೆಯದಾದ ಒಂದೇ ಒಂದು ಚೀಟಿಯೂ ಇರಲಿಲ್ಲ. ದಾಖಲೆಯ ವಿನ್ಯಾಸವನ್ನು ಕಾಗದದ ಮೇಲೆ ಬರೆದೆ: ತೂಕ ಮೊದಲ 8 ಬೈಟು, ಚೀಲಗಳ ಸಂಖ್ಯೆ ಮುಂದಿನ 4, ಷರಾ 64, ಆಮೇಲೆ 76ನೇ ಬೈಟಿನಲ್ಲಿ ಲಾಟ್ ನಂಬರ್, 80ನೆಯದರಲ್ಲಿ ಬಾವುಟ. ಕ್ಯಾಶ್ ಎಂದರೆ ಕೋರ್‌ನ ಹತ್ತಿರವಿರುವ ವೇಗದ ಮೆಮೊರಿ, ಅದು ಒಮ್ಮೆಗೆ ಹಿಡಿಯುವ ತುಂಡಿಗೆ ಲೈನ್ ಎನ್ನುತ್ತಾರೆ. ಈ ಪ್ರೊಸೆಸರಿನ ಕ್ಯಾಶ್ ಲೈನಿನ ಉದ್ದ 64 ಬೈಟು. ಎಂದರೆ ತೂಕ ಮತ್ತು ಚೀಲ ಒಂದು ಕಡೆಯ ಲೈನಿನಲ್ಲಿ, ಲಾಟ್ ಮತ್ತು ಬಾವುಟ ಅದರಾಚೆಯ ಲೈನಿನಲ್ಲಿ. ಷರಾ ಸೇರಿದ ಮೇಲೆ ಇವು ಒಂದೇ ಲೈನಿನಲ್ಲಿ ಕೂಡಿರುವುದು ಸಾಧ್ಯವೇ ಇರಲಿಲ್ಲ. ಚೀಟಿಯ ಮೇಲೆ ಕಂಡ ಸೀಳು ಕ್ಯಾಶ್ ಲೈನಿನ ಗಡಿಯ ಮೇಲೆಯೇ ಬಿದ್ದಿತ್ತು.

ದೋಷದ ಕಾರಣ

ಒಂದು ಕೋರ್ ಬರೆದದ್ದು ಆ ಕ್ಷಣವೇ ಮೆಮೊರಿಗೆ ಹೋಗುವುದಿಲ್ಲ. ಅದು ಮೊದಲು ಆ ಕೋರ್‌ನದೇ ಸ್ಟೋರ್ ಬಫರಿನಲ್ಲಿ ಕಾದಿರುತ್ತದೆ, ಕ್ಯಾಶಿನ ಆ ಲೈನಿನ ಒಡೆತನ ಸಿಕ್ಕ ಮೇಲೆ ಉಳಿದವರಿಗೆ ಕಾಣುತ್ತದೆ. ಇಂಟೆಲ್ ಮತ್ತು ಎಎಂಡಿಯ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಈ ಬಫರು ಸರತಿಯ ಸಾಲಿನಂತೆ: ಮೊದಲು ಬರೆದದ್ದು ಮೊದಲು ಹೊರಗೆ. ಅಲ್ಲಿ ತೂಕ ಕಾಣುವ ಮುಂಚೆ ಬಾವುಟ ಕಾಣುವಂತಿಲ್ಲ, ಓದುವ ಕೋರ್ ಕೂಡ ತನ್ನ ಓದುಗಳ ಕ್ರಮ ಕದಲಿದಂತೆ ತೋರಗೊಡುವುದಿಲ್ಲ. ಪೀಟರ್ ಸೀವೆಲ್ ಮತ್ತು ಸಂಗಡಿಗರು 2010ರಲ್ಲಿ ಎಕ್ಸ್86-ಟಿಎಸ್‌ಒ (ಟೋಟಲ್ ಸ್ಟೋರ್ ಆರ್ಡರ್, ಎಂದರೆ ಬರಹಗಳಿಗೆಲ್ಲ ಒಂದೇ ಕ್ರಮ) ಎಂಬ ಹೆಸರಿನಲ್ಲಿ ಗಣಿತದ ನಿಖರತೆಯಿಂದ ಬರೆದಿಟ್ಟದ್ದು ಇದನ್ನೇ. ಅಲ್ಲಿ ಅನುಮತಿಯಿರುವ ಅದಲುಬದಲು ಒಂದೇ: ತಾನು ಬರೆದದ್ದು ಇನ್ನೂ ಬಫರಿನಲ್ಲಿರುವಾಗಲೇ ಕೋರ್ ಬೇರೊಂದು ಜಾಗವನ್ನು ಓದಿಬಿಡಬಹುದು. ಎರಡು ಥ್ರೆಡ್‌ಗಳು ತಂತಮ್ಮ ಬಾವುಟ ಎತ್ತಿ ಎದುರಿನವರ ಬಾವುಟ ನೋಡಿದಾಗ ಇಬ್ಬರಿಗೂ ಇಳಿದದ್ದೇ ಕಾಣುವುದು ಇದರಿಂದ. ಹಾಗಾಗಿ ಎಕ್ಸ್86 ಪೂರ್ತಿ ಕ್ರಮಬದ್ಧ ಎನ್ನುವ ನಂಬಿಕೆಯೂ ತಪ್ಪೇ. ಆದರೆ ನನ್ನ ಪ್ರೋಗ್ರಾಮಿಗೆ ಬೇಕಿದ್ದ ಕ್ರಮವನ್ನು ಅದು, ನಾನು ಕೇಳದಿದ್ದರೂ, ಏಳು ವರ್ಷ ಕಾಯ್ದುಕೊಟ್ಟಿತ್ತು.

ಆರ್ಮ್‌ನಲ್ಲಿ ಅಂಥ ಕಟ್ಟಳೆ ಇಲ್ಲ. ಪರಸ್ಪರ ಅವಲಂಬನೆ ಇಲ್ಲದ ಎರಡು ಜಾಗಗಳಿಗೆ ಬರೆದದ್ದು ಯಾವ ಕ್ರಮದಲ್ಲಾದರೂ ಹೊರಗೆ ಕಾಣಬಹುದು. ಎರಡು ಓದುಗಳೂ ಅದಲುಬದಲಾಗಬಹುದು. ಲಾಟ್ ಮತ್ತು ಬಾವುಟ ಇರುವ ಲೈನಿನ ಒಡೆತನ ಮೊದಲು ಸಿಕ್ಕರೆ ಅದು ಮೊದಲು ಕಾಣುತ್ತದೆ, ತೂಕದ ಲೈನು ಹಿಂದೆ ಉಳಿಯುತ್ತದೆ. ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಪಟ್ಟು ಚಿಕ್ಕದಾದ ಆ ಸಂದಿನಲ್ಲಿ ಯಾರೂ ಓದದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನನ್ನ ಮುದ್ರಣದ ಥ್ರೆಡ್ ಬಾವುಟವನ್ನೇ ರೆಪ್ಪೆ ಮಿಟುಕಿಸದೆ ಕಾಯುತ್ತಿತ್ತು, ಬಾವುಟ ಎದ್ದ ಮರುಕ್ಷಣ ತೂಕ ಓದುತ್ತಿತ್ತು. ಪರದೆಗೆ ಮುದ್ರಿಸುವ ಸಾಲು ಸೇರಿಸಿದಾಗ ದೋಷ ನಿಂತದ್ದಕ್ಕೂ ಇದೇ ಕಾರಣ: ಮುದ್ರಣ ಮುಗಿಯುವಷ್ಟರಲ್ಲಿ ತೂಕ ಬಫರಿನಿಂದ ಹೊರಬಿದ್ದಿರುತ್ತಿತ್ತು.

ವೊಲಟೈಲ್ ಎಂಬ ಪದ ಮಾಡುವುದು ಇಷ್ಟು: ಕಂಪೈಲರ್ ಆ ಓದು-ಬರಹಗಳನ್ನು ತೆಗೆದುಹಾಕದಂತೆ, ಅವುಗಳ ಕ್ರಮ ಬದಲಿಸದಂತೆ ತಡೆಯುತ್ತದೆ. ಕಂಪೈಲರ್ ಹಾಗೆಯೇ ಮಾಡಿತ್ತು. ಆಬ್ಜೆಕ್ಟ್ ಕೋಡನ್ನು ಬಿಡಿಸಿ ನೋಡಿದೆ, ಬರಹಗಳು ನಾನು ಬರೆದ ಕ್ರಮದಲ್ಲೇ ಇದ್ದವು. ಪ್ರೊಸೆಸರಿಗೆ ಮಾತ್ರ ಆ ಪದದ ಅರಿವೇ ಇಲ್ಲ. ಜಾವಾದ ವೊಲಟೈಲ್‌ಗೂ ಸಿ ಭಾಷೆಯದಕ್ಕೂ ಹೆಸರು ಒಂದೇ ಆದರೂ ಅರ್ಥ ಬೇರೆ ಎಂಬುದನ್ನು ಇಲ್ಲಿ ಹೇಳಲೇಬೇಕು. 2004ರ ಜಾವಾ 5ರಿಂದ ಈಚೆಗೆ ಜಾವಾದಲ್ಲಿ ಆ ಪದವೇ ಥ್ರೆಡ್‌ಗಳ ನಡುವಿನ ಕ್ರಮಕ್ಕೆ ಜವಾಬು ಹೇಳುತ್ತದೆ. ನಾನು ಕಾಲೇಜಿನಲ್ಲಿ ಜಾವಾ ಕಲಿತವನು. ಅಲ್ಲಿನ ಭರವಸೆಯನ್ನು ಸಿ ಭಾಷೆಯಲ್ಲೂ ಇದೆಯೆಂದುಕೊಂಡದ್ದೇ ಮೂಲ ತಪ್ಪು.

ಊಹೆಯನ್ನು ಖಚಿತಪಡಿಸಿಕೊಳ್ಳಲು ಎರಡು ಕೆಲಸ ಮಾಡಿದೆ. ಅದೇ ವಿನ್ಯಾಸದ ದಾಖಲೆಯನ್ನಿಟ್ಟುಕೊಂಡು, ಬರೆಯುವ ಮತ್ತು ಓದುವ ಎರಡೇ ಥ್ರೆಡ್‌ಗಳ ಪುಟ್ಟ ಪರೀಕ್ಷೆ ಬರೆದು ಎರಡೂ ಯಂತ್ರಗಳಲ್ಲಿ ರಾತ್ರಿಯಿಡೀ ಓಡಿಸಿದೆ. ಹಳೆಯ ಡೆಸ್ಕ್‌ಟಾಪಿನಲ್ಲಿ ತಪ್ಪು ಫಲಿತಾಂಶ ಒಂದೂ ಇಲ್ಲ. ಹೊಸ ಬೋರ್ಡಿನಲ್ಲಿ ಮೊದಲ ಕೆಲವು ನಿಮಿಷಗಳಲ್ಲೇ ಕಂಡಿತು. ಎರಡನೆಯದಾಗಿ, ಆ ಪರೀಕ್ಷೆಯ ತಿರುಳಾದ ನಾಲ್ಕು ಸಾಲುಗಳನ್ನು (ತೂಕ ಬರೆ, ಬಾವುಟ ಎತ್ತು; ಬಾವುಟ ಓದು, ತೂಕ ಓದು) ಜೇಡ್ ಆಲ್‌ಗ್ಲೇವ್ ಮತ್ತು ಲ್ಯೂಕ್ ಮರಾಂಜೆ ಕಟ್ಟಿದ ಹರ್ಡ್7 ಎಂಬ ಸಾಧನಕ್ಕೆ ಕೊಟ್ಟೆ. ಇದು ಪ್ರೋಗ್ರಾಮನ್ನು ಓಡಿಸುವುದಿಲ್ಲ. ಪ್ರೊಸೆಸರಿನ ನಿಯಮಗಳ ಪ್ರಕಾರ ಯಾವ ಯಾವ ಫಲಿತಾಂಶ ಬರಬಹುದೆಂದು ಎಲ್ಲವನ್ನೂ ಎಣಿಸಿ ಹೇಳುತ್ತದೆ. ಆರ್ಮ್ ನಿಯಮಗಳಲ್ಲಿ ನಾಲ್ಕು ಫಲಿತಾಂಶಗಳು ಸಾಧ್ಯವೆಂದಿತು. ನಾಲ್ಕನೆಯದು ಬಾವುಟ ಎದ್ದಿರುವ, ತೂಕ ಹಳೆಯದೇ ಆಗಿರುವ ಫಲಿತಾಂಶ. ಎಕ್ಸ್86 ನಿಯಮಗಳಲ್ಲಿ ಮೂರೇ. ರಾತ್ರಿಯಿಡೀ ಓಡಿಸಿದ ಪರೀಕ್ಷೆ ಆಗಿದ್ದನ್ನು ಹೇಳಿತು, ಇದು ಆಗಬಹುದಾದದ್ದನ್ನು ಕ್ಷಣಾರ್ಧದಲ್ಲಿ ಹೇಳಿತು. ಆ ಎರಡರ ನಡುವಿನ ಅಂತರವನ್ನು ನಾನು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಇನ್ನೂ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಹಳೆಯ ಡೆಸ್ಕ್‌ಟಾಪಿನಲ್ಲಿ ಹಳೆಯ ಪ್ರೋಗ್ರಾಮನ್ನೇ ಥ್ರೆಡ್‌ಸ್ಯಾನಿಟೈಜರ್ ಎಂಬ ದೋಷ ಹುಡುಕುವ ಸಾಧನ ಸೇರಿಸಿ ಕಂಪೈಲ್ ಮಾಡಿ ಓಡಿಸಿದೆ. ಮೊದಲ ಚೀಟಿಗೇ ಡೇಟಾ ರೇಸ್ (ಒಂದು ಥ್ರೆಡ್ ಬರೆಯುವ ಜಾಗವನ್ನೇ ಇನ್ನೊಂದು, ನಡುವೆ ಕ್ರಮದ ಕಟ್ಟಿಲ್ಲದೆ, ಓದುವುದು ಅಥವಾ ಬರೆಯುವುದು) ಇದೆಯೆಂದು ಸಾಲಿನ ನಂಬರ್ ಸಮೇತ ತೋರಿಸಿತು. ಆ ಸಾಧನ ನೋಡುವುದು ಈ ಯಂತ್ರದಲ್ಲಿ ಕ್ರಮ ತಪ್ಪಿತೇ ಎಂಬುದನ್ನಲ್ಲ, ಆ ಎರಡು ಕೆಲಸಗಳ ನಡುವೆ ಭಾಷೆ ಒಪ್ಪುವ ಕ್ರಮದ ಸಂಬಂಧ ಇದೆಯೇ ಎಂಬುದನ್ನು. ಜಿಸಿಸಿ ಎಂಬ ಕಂಪೈಲರಿನಲ್ಲಿ ಅದು 2013ರಿಂದಲೇ ಇದೆ. ಅಂದರೆ ಏಳು ವರ್ಷ ತಪ್ಪಿಲ್ಲದೆ ಓಡಿದ ಆ ಪ್ರೋಗ್ರಾಂ ಮೊದಲ ದಿನದಿಂದಲೇ ತಪ್ಪಾಗಿತ್ತು, ಮತ್ತು ಅದನ್ನು ತಿಳಿಯುವ ದಾರಿಯೂ ಮೊದಲ ದಿನದಿಂದಲೇ ಇತ್ತು.

ತಿದ್ದುಪಡಿ

ಮೊದಲ ತಿದ್ದುಪಡಿ ಕೆಲವೇ ಸಾಲುಗಳದು. 2011ರ ಸಿ ಮಾನಕದಲ್ಲಿರುವ ಅಟಾಮಿಕ್ ಸೌಲಭ್ಯ ಬಳಸಿ ಬಾವುಟವನ್ನು ಅಟಾಮಿಕ್ (ಥ್ರೆಡ್‌ಗಳು ಹಂಚಿಕೊಳ್ಳಲೆಂದೇ ಇರುವ, ಓದು-ಬರಹ ಅರ್ಧಕ್ಕೆ ಸೀಳದ ಬಗೆ) ಮಾಡಿ, ಎತ್ತುವಾಗ ರಿಲೀಸ್, ನೋಡುವಾಗ ಅಕ್ವೈರ್ ಎಂದು ಬರೆದೆ. ರಿಲೀಸ್ ಎಂದರೆ ಇದಕ್ಕಿಂತ ಮುಂಚೆ ನಾನು ಮಾಡಿದ್ದೆಲ್ಲ ಇದಕ್ಕಿಂತ ಮುಂಚೆಯೇ ಕಾಣಬೇಕು ಎಂಬ ಕರಾರು. ಅಕ್ವೈರ್ ಎಂದರೆ ಇದನ್ನು ನೋಡಿದ ಮೇಲೆಯೇ ನನ್ನ ಮುಂದಿನ ಓದು-ಬರಹಗಳು ನಡೆಯಬೇಕು ಎಂಬುದು. ಆರ್ಮ್ ಕೋಡಿನಲ್ಲಿ ಬದಲಾದದ್ದು ಎರಡೇ ಆದೇಶಗಳು: ಬರಹದ ಸಾದಾ ಎಸ್‌ಟಿಆರ್ ಇದ್ದಲ್ಲಿ ಎಸ್‌ಟಿಎಲ್‌ಆರ್, ಓದಿನ ಎಲ್‌ಡಿಆರ್ ಇದ್ದಲ್ಲಿ ಎಲ್‌ಡಿಎಆರ್. ಎಕ್ಸ್86ಗೆ ಕಂಪೈಲ್ ಮಾಡಿದರೆ ಆದೇಶಗಳು ಮುಂಚಿನಂತೆಯೇ ಉಳಿದವು. ಅಲ್ಲಿ ಸಾದಾ ಬರಹವೇ ರಿಲೀಸ್‌ಗೆ ಸಮ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇನ್ನೊಂದು ದೋಷ ಉಳಿಯುತ್ತಿತ್ತು. ಮುದ್ರಣದ ಥ್ರೆಡ್ ದಾಖಲೆ ಓದಿ ಮುಗಿಸಿ ಬಾವುಟ ಇಳಿಸುತ್ತದಷ್ಟೆ. ಆರ್ಮ್ ನಿಯಮಗಳಲ್ಲಿ ಮೊದಲಿನ ಓದು ನಂತರದ ಬರಹಕ್ಕಿಂತ ಆಮೇಲೆ ನಡೆಯುವುದಕ್ಕೂ ಅವಕಾಶವಿದೆ. ಬಾವುಟ ಇಳಿದದ್ದನ್ನು ಕಂಡು ಮೊದಲ ಥ್ರೆಡ್ ಮುಂದಿನ ಲಾಟಿನ ತೂಕ ಬರೆದರೆ, ಇನ್ನೂ ಮುಗಿಯದ ಹಳೆಯ ಓದಿಗೆ ಹೊಸ ತೂಕ ಸಿಗಬಹುದು. ಎರಡು ಲಾಟುಗಳ ನಡುವೆ ನಿಮಿಷಗಳ ಅಂತರವಿರುವ ಕಟ್ಟೆಯಲ್ಲಿ ಇದು ನಡೆಯುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಸಂಭವ ಕಡಿಮೆ ಎಂಬ ಮಾತಿನ ಮೇಲೆ ಬೆಳೆಗಾರರ ಲೆಕ್ಕವನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಇಳಿಸುವಾಗಲೂ ರಿಲೀಸ್, ಬರೆಯುವವನು ಇಳಿದಿದೆಯೇ ಎಂದು ನೋಡುವಾಗಲೂ ಅಕ್ವೈರ್ ಹಾಕಿದೆ.

ಆಮೇಲೆ, ಇದೆಲ್ಲ ಸರಿಯಾಗಿದೆ ಎಂದು ಹರ್ಡ್7 ಒಪ್ಪಿದ ಮೇಲೆ, ಈ ಇಡೀ ಏರ್ಪಾಟನ್ನೇ ತೆಗೆದುಹಾಕಿದೆ. ಈಗ ಅಲ್ಲಿರುವುದು ಒಂದು ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ದಾಖಲೆ ಮುಟ್ಟಗೊಡುವ ಬೀಗ, ಲಾಕ್) ಮತ್ತು ಒಂದು ಕಂಡೀಶನ್ ವೇರಿಯಬಲ್ (ಕಾಯುವ ಥ್ರೆಡ್ಡನ್ನು ಮಲಗಿಸಿ, ಕೆಲಸ ಬಂದಾಗ ಎಬ್ಬಿಸುವ ವ್ಯವಸ್ಥೆ). ಕೆಲವು ನಿಮಿಷಕ್ಕೊಂದು ಚೀಟಿ ಮುದ್ರಿಸುವ ಕಡೆ ಲಾಕ್ ಇಲ್ಲದ ಜಾಣ್ಮೆಯಿಂದ ಉಳಿಯುವ ನ್ಯಾನೊಸೆಕೆಂಡುಗಳು ಯಾರಿಗೂ ಬೇಕಿಲ್ಲ. ಮೇಲಾಗಿ ಒಂದು ಕೋರ್ ಹಗಲಿಡೀ ಬಾವುಟ ನೋಡುತ್ತ ಸುತ್ತುತ್ತಿದ್ದದ್ದರಿಂದ ಏಪ್ರಿಲ್ ಸೆಕೆಯಲ್ಲಿ ಬೋರ್ಡಿನ ಪೆಟ್ಟಿಗೆ ಕೈಯಿಡಲಾಗದಷ್ಟು ಕಾಯುತ್ತಿತ್ತು. ಈಗ ತಣ್ಣಗಿದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತಿದೆ. ಮೊದಲ ಸಲ ಬರೆಯುವಾಗಲೇ ಹೀಗೆ ಮಾಡಬೇಕಿತ್ತು.

ಲೆಕ್ಕದ ತಿದ್ದುಪಡಿ ಕೋಡಿನ ತಿದ್ದುಪಡಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಮೊದಲ ಥ್ರೆಡ್ ಬಾವುಟ ಎತ್ತಿದ ಮೇಲೆ ತಾನು ಕಂಡ ತೂಕವನ್ನು ಹೊತ್ತಿನ ಸಮೇತ ಬೇರೊಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಮುದ್ರಣವಾದ ಚೀಟಿಗಳ ಪ್ರತಿಯೂ ಇತ್ತು. ಎರಡನ್ನೂ ಸಾಲು ಸಾಲಾಗಿ ತಾಳೆ ಹಾಕಿದಾಗ ಹೊಸ ಬೋರ್ಡ್ ಬಂದಾಗಿನಿಂದ ಏಳು ಚೀಟಿಗಳು ತಪ್ಪಾಗಿದ್ದವು. ಅವುಗಳಲ್ಲಿ ಕೆಲವು ಒಂದೇ ಚೀಲದ ಲಾಟಿನ ಹಿಂದೆ ಬಂದ ಒಂದೇ ಚೀಲದ ಲಾಟುಗಳು. ಚೀಲದ ಸಂಖ್ಯೆ ಸರಿಯಾಗಿಯೇ ಕಾಣುತ್ತಿತ್ತು, ತೂಕದಲ್ಲಿ ಮಾತ್ರ ಕಿಲೋ ಅರ್ಧ ಕಿಲೋ ವ್ಯತ್ಯಾಸ. ಅವುಗಳ ಬೆಳೆಗಾರರಿಗಾಗಲಿ ಗುಮಾಸ್ತರಿಗಾಗಲಿ ಗೊತ್ತಾಗುವ ದಾರಿಯೇ ಇರಲಿಲ್ಲ. ಯಜಮಾನರು ಏಳೂ ಮನೆಗಳಿಗೆ ತಾವೇ ಫೋನು ಮಾಡಿ, ಕಡಿಮೆಯಾದವರಿಗೆ ಹಣ ಕೊಟ್ಟರು, ಹೆಚ್ಚಾದವರಿಂದ ಕೇಳಲಿಲ್ಲ.

ಮುಂದೇನು

ಇಂಥ ದೋಷಗಳು ಮುಂದೆ ಹೆಚ್ಚಾಗುತ್ತವೆಯೇ, ಕಡಿಮೆಯಾಗುತ್ತವೆಯೇ? ಹಾರ್ಡ್‌ವೇರಿನ ಕಡೆಯಿಂದ ನೋಡಿದರೆ ದುರ್ಬಲ ಕ್ರಮ ಹೋಗುವ ಸೂಚನೆ ಇಲ್ಲ. ಅದರ ಒರಟುತನ ಮಾತ್ರ ಕಡಿಮೆಯಾಗುತ್ತಿದೆ. 1992ರ ಡೆಕ್ ಆಲ್ಫಾ ಪ್ರೊಸೆಸರಿನಲ್ಲಿ ಒಂದು ವಿಳಾಸವನ್ನು ಓದಿ, ಆ ವಿಳಾಸದಲ್ಲಿರುವುದನ್ನು ಓದಿದರೂ ಹಳೆಯದು ಸಿಗಬಹುದಿತ್ತು. ಅಷ್ಟು ದುರ್ಬಲವಾದದ್ದನ್ನು ಈಗ ಯಾರೂ ಕಟ್ಟುತ್ತಿಲ್ಲ. ಒಂದು ಕೋರ್ ಬರೆದದ್ದು ಕೆಲವರಿಗೆ ಮೊದಲು, ಕೆಲವರಿಗೆ ಆಮೇಲೆ ಕಾಣುವ ಅವಕಾಶವನ್ನು ಆರ್ಮ್ ತನ್ನ ಎಂಟನೇ ಆವೃತ್ತಿಯ ನಿಯಮಗಳಿಂದ ತೆಗೆದುಹಾಕಿತು. ಆ ಸರಳೀಕರಣದ ವಿವರ 2018ರಲ್ಲಿ ಪ್ರಕಟವಾಯಿತು. 2020ರಲ್ಲಿ ಬಂದ ಆಪಲ್‌ನ ಎಂ1 ಚಿಪ್ಪಿನಲ್ಲಿ, ಇಂಟೆಲ್‌ಗಾಗಿ ಬರೆದ ಪ್ರೋಗ್ರಾಂಗಳನ್ನು ಓಡಿಸುವಾಗ ಟಿಎಸ್‌ಒ ಕ್ರಮವನ್ನೇ ಪಾಲಿಸುವ ವ್ಯವಸ್ಥೆಯೂ ಇದೆ.

ನನಗೆ ಹೆಚ್ಚು ಯೋಚನೆಯಾಗುವುದು ಪ್ರೊಸೆಸರ್ ಆದೇಶಗಳ ಮುಕ್ತ ಮಾನಕವಾದ ರಿಸ್ಕ್-ವಿ ವಿಷಯದಲ್ಲಿ. ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರ್‌ಗಳೂ ಇದೇ ಆದೇಶಗಳ ಕುಟುಂಬದವು, ಮುಂದೆ ನಮ್ಮ ವಖಾರಿಗಳಿಗೂ ಇಂಥ ಬೋರ್ಡುಗಳು ಬಂದೇ ಬರುತ್ತವೆ. ಅದರ ಮೂಲ ನಿಯಮ ದುರ್ಬಲ ಕ್ರಮದ್ದು. ಆದರೆ ಜೆಡ್‌ಟಿಎಸ್‌ಒ ಎಂಬ ವಿಸ್ತರಣೆಯ ಮೂಲಕ ಚಿಪ್ ಮಾಡುವವರು ಎಕ್ಸ್86ರಂಥ ಬಿಗಿ ಕ್ರಮವನ್ನೂ ಕೊಡಬಹುದು. ಒಂದೇ ಹೆಸರಿನ ಎರಡು ಚಿಪ್ಪುಗಳಲ್ಲಿ ಒಂದು ಬಿಗಿ, ಇನ್ನೊಂದು ಸಡಿಲ. ಬಿಗಿಯಾದದ್ದರ ಮೇಲೆ ಪರೀಕ್ಷಿಸಿ ಸಡಿಲವಾದದ್ದರ ಮೇಲೆ ಓಡಿಸಿದವರಿಗೆ ನನಗಾದದ್ದೇ ಆಗುತ್ತದೆ. ಯಂತ್ರದ ಮೇಲೆ ಓಡಿಸಿ ನೋಡುವುದನ್ನೇ ಪುರಾವೆಯೆಂದು ಹಿಡಿಯುವ ಕಾಲ ಈ ವಿಷಯದ ಮಟ್ಟಿಗೆ ಮುಗಿಯಿತೆಂದೇ ನನ್ನ ತಿಳಿವಳಿಕೆ.

ಹಾಗಾದರೆ ಭರವಸೆ ಇರುವುದು ಭಾಷೆಗಳಲ್ಲಿ. ಎಲ್ಲ ಥ್ರೆಡ್‌ಗಳ ಕೆಲಸವೂ ಒಂದೇ ಸಾಲಿನಲ್ಲಿ ಹೆಣೆದುಕೊಂಡು ನಡೆದಂತೆ ಕಾಣಬೇಕು ಎಂಬ ಸರಳ ಆದರ್ಶವನ್ನು ಲೆಸ್ಲಿ ಲ್ಯಾಂಪೋರ್ಟ್ ಹೇಳಿದ್ದು 1979ರಲ್ಲಿ. ಐಐಟಿ ಬಾಂಬೆಯಲ್ಲಿ ಓದಿದ ಸರಿತಾ ಅಡ್ವೆ ಮತ್ತು ಮಾರ್ಕ್ ಹಿಲ್ 1990ರಲ್ಲಿ ಅದನ್ನು ಒಪ್ಪಂದದ ರೂಪಕ್ಕೆ ತಂದರು: ಡೇಟಾ ರೇಸ್ ಇಲ್ಲದಂತೆ ಬರೆಯುವುದು ನಿಮ್ಮ ಹೊಣೆ, ಹಾಗೆ ಬರೆದರೆ ಲ್ಯಾಂಪೋರ್ಟ್ ಹೇಳಿದ ಕ್ರಮವನ್ನು ಕೊಡುವುದು ಯಂತ್ರದ ಹೊಣೆ. ಜಾವಾ, ಸಿ, ಸಿ++ ಎಲ್ಲವೂ ಈ ಒಪ್ಪಂದದ ಮೇಲೆಯೇ ನಿಂತಿವೆ. ಒಪ್ಪಂದ ಮುರಿದವರಿಗೆ ಏನಾಗುತ್ತದೆ ಎಂಬಲ್ಲಿ ಭಾಷೆಗಳು ಬೇರೆಯಾಗುತ್ತವೆ. ಸಿ ಮತ್ತು ಸಿ++ನಲ್ಲಿ ಇಡೀ ಪ್ರೋಗ್ರಾಮಿಗೆ ಅರ್ಥವೇ ಇಲ್ಲ. ಸ್ಟೀಫನ್ ಡೋಲನ್, ಕೆ. ಸಿ. ಶಿವರಾಮಕೃಷ್ಣನ್ ಮತ್ತು ಅನಿಲ್ ಮಾಧವಪೆದ್ದಿ 2018ರಲ್ಲಿ ಮಂಡಿಸಿ, 2022ರ ಓಕ್ಯಾಮಲ್ ಭಾಷೆಯ 5ನೇ ಆವೃತ್ತಿಯಲ್ಲಿ ಜಾರಿಗೆ ಬಂದ ಮಾದರಿಯಲ್ಲಿ ಒಂದು ಜಾಗದಲ್ಲಿ ರೇಸ್ ಆದರೂ ಅದರ ಕೆಡುಕು ಬೇರೆ ಜಾಗಗಳಿಗೆ ಹರಡುವುದಿಲ್ಲ, ಹಿಂದಿನ ಮುಂದಿನ ಕಾಲಕ್ಕೂ ಚಾಚುವುದಿಲ್ಲ. ತೋಟದ ಒಂದು ಮರಕ್ಕೆ ಬಂದ ರೋಗ ಆ ಮರದಲ್ಲೇ ನಿಲ್ಲುವಂತೆ ಬಂದೋಬಸ್ತು ಮಾಡಿದ ಹಾಗೆ ಇದು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಈಚೆಗೆ ನಡೆದ ಅತ್ಯಂತ ಮಾನವೀಯವಾದ ಕೆಲಸ ಇದೇ, ಏಕೆಂದರೆ ತಪ್ಪು ಮಾಡುವವರು ಇದ್ದೇ ಇರುತ್ತಾರೆಂದು ಒಪ್ಪಿಕೊಂಡು ಅದನ್ನು ಕಟ್ಟಲಾಗಿದೆ.

ಗೋ ಭಾಷೆಯವರು 2022ರಲ್ಲಿ ತಮ್ಮ ನಿಯಮಗಳನ್ನು ಹೊಸದಾಗಿ ಬರೆದಾಗ ಇನ್ನೊಂದು ದಾರಿ ಹಿಡಿದರು: ಅಲ್ಲಿನ ಅಟಾಮಿಕ್‌ಗಳಿಗೆ ಸಡಿಲ ಕ್ರಮದ ಆಯ್ಕೆಯೇ ಇಲ್ಲ. ರಸ್ಟ್ ಭಾಷೆಯ ಸುರಕ್ಷಿತ ಭಾಗದಲ್ಲಿ ನನ್ನ ಪ್ರೋಗ್ರಾಂ ಕಂಪೈಲೇ ಆಗುತ್ತಿರಲಿಲ್ಲ. ಆದರೆ ರಸ್ಟ್‌ನಲ್ಲೂ ಎಲ್ಲವನ್ನೂ ಅಟಾಮಿಕ್ ಮಾಡಿ, ಬಾವುಟಕ್ಕೆ ರಿಲ್ಯಾಕ್ಸ್ಡ್ (ಬೇರೆ ಜಾಗಗಳ ಕ್ರಮದ ಬಗ್ಗೆ ಯಾವ ಕರಾರೂ ಇಲ್ಲದ ಆಯ್ಕೆ) ಎಂದು ಬರೆದರೆ ಇದೇ ಹಳೆಯ ತೂಕ ಮತ್ತೆ ಬರುತ್ತದೆ. ಭಾಷೆ ರೇಸನ್ನು ತಡೆಯುತ್ತದೆ, ತಪ್ಪು ಕ್ರಮದ ಆಯ್ಕೆಯನ್ನು ತಡೆಯುವುದಿಲ್ಲ.

ಆ ರಿಲ್ಯಾಕ್ಸ್ಡ್ ಎಂಬುದರಲ್ಲಿ ಇಂದಿಗೂ ಪೂರ್ತಿ ಬಿಡಿಸಲಾಗದ ಒಂದು ಗಂಟಿದೆ. ಇಬ್ಬರು ಗುಮಾಸ್ತರಿದ್ದಾರೆ ಎನ್ನಿ. ಮೊದಲನೆಯವರು ಎರಡನೆಯವರ ಪುಸ್ತಕ ನೋಡಿ ತೂಕ ಬರೆಯುತ್ತಾರೆ, ಎರಡನೆಯವರು ಮೊದಲನೆಯವರ ಪುಸ್ತಕ ನೋಡಿ ಬರೆಯುತ್ತಾರೆ. ಯಾರೂ ತೂಗದ 42 ಕ್ವಿಂಟಲ್ ಎರಡೂ ಪುಸ್ತಕಗಳಲ್ಲಿ ಕಂಡರೆ, ಅದು ಇವರಲ್ಲಿತ್ತೆಂದು ಅವರು, ಅವರಲ್ಲಿತ್ತೆಂದು ಇವರು ಹೇಳಿ ಲೆಕ್ಕ ಕೂಡಿಸಿಬಿಡಬಹುದು. ಸಿ ಮತ್ತು ಸಿ++ನ 2011ರ ನಿಯಮಗಳನ್ನು ಗಣಿತವಾಗಿ ಬರೆದಾಗ ಇಂಥ ಗಾಳಿಯಿಂದ ಹುಟ್ಟಿದ ಬೆಲೆಗಳನ್ನು ನಿಷೇಧಿಸಲು, ಕಂಪೈಲರ್‌ಗಳು ನಿಜಕ್ಕೂ ಮಾಡುವ ಉಪಯುಕ್ತ ಬದಲಾವಣೆಗಳನ್ನು ನಿಷೇಧಿಸದೆ, ದಾರಿ ಸಿಗಲಿಲ್ಲ. ಯಾವ ಯಂತ್ರವೂ ಹೀಗೆ ಮಾಡುವುದಿಲ್ಲ. ಮಾನಕ ಕೂಡ ಹೀಗಾಗಬಾರದು ಎಂದು ಮಾತಿನಲ್ಲಿ ಹೇಳುತ್ತದೆ. 2017ರಲ್ಲಿ ಬಂದ ಪ್ರಾಮಿಸಿಂಗ್ ಸೆಮ್ಯಾಂಟಿಕ್ಸ್ ಎಂಬ ಮಾದರಿ, ಒಂದು ಥ್ರೆಡ್ ಮುಂದೆ ಬರೆಯುವುದಾಗಿ ಮಾತು ಕೊಡಬಹುದು, ಆದರೆ ಆ ಮಾತನ್ನು ತಾನೊಬ್ಬನೇ ನಡೆಸಿಕೊಡಬಲ್ಲೆನೆಂದು ತೋರಿಸಬೇಕು ಎಂಬ ನಿಯಮದಿಂದ ಈ ಗಂಟನ್ನು ಬಿಡಿಸಲು ಹೊರಟಿತು. ಅದೇ ದಾರಿಯಲ್ಲಿ ಕೆಲಸ ಮುಂದುವರಿದಿದೆ. ಕನ್ಸ್ಯೂಮ್ ಎಂಬ ಇನ್ನೊಂದು ಕ್ರಮದ ಕಥೆ ಚಿಕ್ಕದು: ಕಂಪೈಲರ್‌ಗಳು ಅದನ್ನು ಅಕ್ವೈರ್ ಎಂದೇ ನಡೆಸಿದವು, 2017ರ ಸಿ++ ಮಾನಕ ಸದ್ಯಕ್ಕೆ ಬಳಸಬೇಡಿ ಎಂದಿತು.

ನಿಯಮಗಳನ್ನು ಯಂತ್ರ ಓದುವಂತೆ ಬರೆದಿಡುವುದು ಮುಂದಿನ ದಿನಗಳ ದೊಡ್ಡ ಬದಲಾವಣೆ ಎಂದು ನನಗೆ ತೋರುತ್ತದೆ. ಲಿನಕ್ಸ್ ಕರ್ನೆಲ್ 2018ರಿಂದ ತನ್ನ ಮೆಮೊರಿ ಮಾದರಿಯನ್ನು ಹರ್ಡ್7 ಓಡಿಸಬಲ್ಲ ಫೈಲಾಗಿ ಮೂಲ ಕೋಡಿನ ಜೊತೆಗೇ ಇಟ್ಟಿದೆ. ರಸ್ಟ್‌ಗೆ ಲೂಮ್, ಸಿ ಪ್ರೋಗ್ರಾಂಗಳಿಗೆ ಜೆನ್‌ಎಂಸಿ, ಹೀಗೆ ಸಾಧ್ಯವಿರುವ ಹೆಣಿಗೆಗಳನ್ನು ಹುಡುಕಿ ನೋಡುವ ಸಾಧನಗಳು ಸಾಮಾನ್ಯ ಪ್ರೋಗ್ರಾಮರನ ಕೈಗೆ ಬಂದಿವೆ. ದೊಡ್ಡ ಪ್ರೋಗ್ರಾಂಗಳನ್ನು ಇಡಿಯಾಗಿ ಇವುಗಳಿಗೆ ಕೊಡುವುದು ಇನ್ನೂ ಆಗದ ಮಾತು. ಆದರೆ ಥ್ರೆಡ್‌ಗಳು ಒಂದರಿಂದೊಂದಕ್ಕೆ ದಾಖಲೆ ದಾಟಿಸುವ ಆ ನಾಲ್ಕು ಸಾಲುಗಳನ್ನು ಮಾತ್ರ ಕಿತ್ತು ಕೊಡುವುದು ಯಾರಿಗಾದರೂ ಸಾಧ್ಯ.

ವಖಾರಿಯ ಪ್ರೋಗ್ರಾಂ ಈಗ ಪ್ರತಿ ಬದಲಾವಣೆಗೂ ಥ್ರೆಡ್‌ಸ್ಯಾನಿಟೈಜರ್ ಜೊತೆ ಒಂದು ಸಲ ಓಡಿಯೇ ಕಟ್ಟೆಗೆ ಹೋಗುತ್ತದೆ. ಚೀಟಿಯ ಮೇಲೆ ಲಾಟ್ ನಂಬರನ್ನು ಮೇಲೊಮ್ಮೆ, ತೂಕದ ದಾಖಲೆಯೊಳಗೇ ಬರೆದಿಟ್ಟ ಪ್ರತಿಯಿಂದ ಕೆಳಗೊಮ್ಮೆ ಮುದ್ರಿಸುತ್ತೇವೆ. ಎರಡೂ ಹೊಂದದಿದ್ದರೆ ಪ್ರಿಂಟರ್ ನಿಲ್ಲುತ್ತದೆ. ಹಳೆಯ ವೊಲಟೈಲ್ ಕೋಡಿನ ಆ ಪುಟ್ಟ ಪರೀಕ್ಷೆಯನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಬರುವ ಹಂಗಾಮಿಗೆ ಬೇರೆ ಬೋರ್ಡ್ ಪರೀಕ್ಷಿಸುವ ಯೋಚನೆಯಿದೆ. ಅದರ ಮೇಲೆ ಮೊದಲು ಓಡುವುದು ಅದೇ ಪರೀಕ್ಷೆ, ಮತ್ತು ಅದರಲ್ಲಿ ತಪ್ಪು ಕಾಣದೆ ಹೋದರೂ ಮ್ಯೂಟೆಕ್ಸ್ ಅಲ್ಲಿಂದ ಕದಲುವುದಿಲ್ಲ.